ಅಮ್ಮನ ಪತ್ರದೊಳಗಿನ ಮನೆ

ಹತ್ತು ವರ್ಷದ ಲೀನಾ ಗಾವ್ ಲಾಸ್ ಏಂಜಲೀಸಿನಲ್ಲಿ ವಿಮಾನ ಇಳಿಯುವ ಹೊತ್ತಿಗೆ ಅವಳ ಮನಸ್ಸಿನಲ್ಲಿ ಒಂದು ಮನೆ ಕಟ್ಟಿ ಮುಗಿದಿರುತ್ತದೆ. ಐದು ವರ್ಷ ಅವಳು ಬೀಜಿಂಗಿನಲ್ಲಿ ಅಜ್ಜಿಯ ಜೊತೆ ಬೆಳೆದವಳು. ಅಪ್ಪ ಅಮ್ಮ ಬಿಟ್ಟುಹೋದ ಹುಡುಗಿ ಎಂದು ಶಾಲೆಯ ಮಕ್ಕಳು ಆಡಿಕೊಂಡಾಗಲೆಲ್ಲ ಅವಳಿಗೆ ಆಸರೆಯಾಗಿದ್ದದ್ದು ಅಮೆರಿಕದಿಂದ ಅಮ್ಮ ಬರೆಯುತ್ತಿದ್ದ ಪತ್ರಗಳು. ಆ ಪತ್ರಗಳಲ್ಲಿ ಅವರದೇ ಒಂದು ಮನೆಯಿತ್ತು, ಸುಖವಿತ್ತು. ಬಂದು ನೋಡಿದರೆ ಇರುವುದು ಬಾಡಿಗೆಯ ಅಪಾರ್ಟ್‌ಮೆಂಟು. ಕೋವಿಡ್ ಕಾಲದಿಂದ ಬೆಳೆದ ಬಾಡಿಗೆ ಬಾಕಿ ಬೇರೆ ಕುತ್ತಿಗೆಗೆ ಬಂದಿದೆ. ತಾನು ಇಲ್ಲದಾಗ ಅಪ್ಪ ಅಮ್ಮನ ಜೊತೆ ಬೆಳೆದ ಪುಟ್ಟ ತಂಗಿ ಮಿಲ್ಲಿ ಇಂಗ್ಲಿಷಿನಲ್ಲಿ ಅರಳು ಹುರಿದ ಹಾಗೆ ಮಾತಾಡುತ್ತಾಳೆ.

ಇದು ಕೆಲ್ಲಿ ಯಾಂಗ್ ಬರೆದ ‘ಫೈನಲಿ ಸೀನ್’ ಕಾದಂಬರಿಯ ಆರಂಭ. 2023ರಲ್ಲಿ ಪ್ರಕಟವಾದ ಇದು, ಎಂಟರಿಂದ ಹನ್ನೆರಡರ ವಯಸ್ಸಿನ ಓದುಗರಿಗಾಗಿ ಅಮೆರಿಕದಲ್ಲಿ ಬರೆಯಲಾಗುವ ಕಾದಂಬರಿಗಳ ಸಾಲಿಗೆ ಸೇರಿದ್ದು. ಚಿತ್ರಪುಸ್ತಕ ಬಿಟ್ಟು ಬಂದ, ದೊಡ್ಡವರ ಕಾದಂಬರಿಗೆ ಇನ್ನೂ ಕೈಹಾಕದ ಮಕ್ಕಳು ಇವರು. ದೊಡ್ಡವರು ಹೇಳುವುದಕ್ಕೂ ಮಾಡುವುದಕ್ಕೂ ನಡುವೆ ಇರುವ ಅಂತರ ಮಕ್ಕಳ ಕಣ್ಣಿಗೆ ಮೊದಲ ಬಾರಿಗೆ ಬೀಳುವುದು ಈ ವಯಸ್ಸಿನಲ್ಲೇ. ಹಾಗಾಗಿ ಈ ಬಗೆಯ ಒಳ್ಳೆಯ ಕಾದಂಬರಿಗಳು ಮತ್ತೆ ಮತ್ತೆ ಒಂದೇ ಪ್ರಶ್ನೆಗೆ ಮರಳುತ್ತವೆ: ಮಗು ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಮನೆಯಲ್ಲಿ, ಶಾಲೆಯಲ್ಲಿ ಏನಾಗುತ್ತದೆ?

ಲೀನಾಳ ಅಮ್ಮ ಕೆಟ್ಟವಳಲ್ಲ. ಮಗಳು ಕೊರಗಬಾರದು, ಅತ್ತ ಅಜ್ಜಿ ಚಿಂತೆ ಮಾಡಬಾರದು ಎಂದು ಪತ್ರದಲ್ಲಿ ಮನೆ ಕಟ್ಟಿದವಳು. ಕನ್ನಡದ ಓದುಗರಿಗೆ ಈ ತಾಯಿ ಅಪರಿಚಿತಳೇನಲ್ಲ. ಉಭಯ ಕುಶಲೋಪರಿ ಸಾಂಪ್ರತ ಎಂದು ಪತ್ರ ಶುರು ಮಾಡುತ್ತಿದ್ದ ಕಾಲದಿಂದಲೂ ಊರು ಬಿಟ್ಟವರ ಕ್ಷೇಮ ಸಮಾಚಾರದಲ್ಲಿ ಕಷ್ಟಕ್ಕೆ ಜಾಗ ಕಡಿಮೆ. ಮುಂಬಯಿಯ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಉಡುಪಿಯ ಹುಡುಗರು ಮನೆಗೆ ಬರೆದದ್ದು ಸಂಬಳದ ಸುದ್ದಿಯನ್ನೇ. ಇಂದು ಸ್ಯಾನ್ ಡಿಯಾಗೋದ ತಂತ್ರಜ್ಞಾನ ಕಂಪನಿಗಳಲ್ಲಿ ದುಡಿಯುವ ಎಂಜಿನಿಯರು ಕೆಲಸ ಕಳೆದುಕೊಂಡರೂ ಅದೇ ನಡೆಯುತ್ತದೆ. ಎಚ್-1ಬಿ ವೀಸಾದಲ್ಲಿರುವವರಿಗೆ ಆಗ ದೇಶದಲ್ಲಿ ಉಳಿಯಲು ಸಿಗುವ ಅವಕಾಶ ಹೆಚ್ಚೆಂದರೆ 60 ದಿನ. ಆ ದಿನಗಳಲ್ಲಿ ಮೈಸೂರಿನಿಂದಲೋ ದಾವಣಗೆರೆಯಿಂದಲೋ ಅಮ್ಮನ ಫೋನ್ ಬಂದರೆ ‘ಎಲ್ಲ ಚೆನ್ನಾಗಿದೆ’ ಎಂಬ ಉತ್ತರವೇ ಬಾಯಿಗೆ ಬರುತ್ತದೆ. ಪಕ್ಕದ ಕೋಣೆಯಲ್ಲಿ ಹೋಮ್‌ವರ್ಕ್ ಮಾಡುತ್ತಿರುವ ಮಗು ಅದನ್ನು ಕೇಳಿಸಿಕೊಳ್ಳುತ್ತದೆ. ಸುಳ್ಳು ಹೇಳಬಾರದು ಎಂದು ಹಿಂದಿನ ವಾರ ಅದಕ್ಕೆ ಬುದ್ಧಿ ಹೇಳಿದ್ದವರೂ ಅದೇ ಅಪ್ಪ.

ಯಾಂಗ್ ಈ ತಾಯಿಯನ್ನು ಕಟಕಟೆಗೆ ಎಳೆಯುವುದಿಲ್ಲ. ಅಕ್ಕರೆಯಿಂದ ಹೇಳಿದ ಸುಳ್ಳು ಕೂಡ ಮಗುವಿಗೆ ನೋವು ಮಾಡುತ್ತದೆ ಎಂಬುದನ್ನಷ್ಟೇ ಮುಚ್ಚುಮರೆಯಿಲ್ಲದೆ ತೋರಿಸುತ್ತಾರೆ. ಆ ಬಾಡಿಗೆ ಬಾಕಿಯೂ ಕಥೆಗೆಂದು ಹೊಸೆದದ್ದಲ್ಲ. ಕೋವಿಡ್ ಕಾಲದಲ್ಲಿ ಬಾಡಿಗೆ ಕಟ್ಟಲಾಗದವರನ್ನು ಮನೆಯಿಂದ ಹೊರಹಾಕದಂತೆ ಲಾಸ್ ಏಂಜಲೀಸ್ ನಗರ ರಕ್ಷಣೆ ಕೊಟ್ಟಿತ್ತು, ಆದರೆ ಬಾಕಿಯನ್ನು ಮನ್ನಾ ಮಾಡಿರಲಿಲ್ಲ. 2020ರ ಮಾರ್ಚ್‌ನಿಂದ 2021ರ ಸೆಪ್ಟೆಂಬರ್‌ವರೆಗಿನ ಬಾಕಿಯನ್ನು 2023ರ ಆಗಸ್ಟ್ 1ರೊಳಗೆ ತೀರಿಸಬೇಕಿತ್ತು. ಕಾದಂಬರಿ ಅಂಗಡಿಗೆ ಬಂದ ತಿಂಗಳುಗಳಲ್ಲಿ ಆ ಊರಿನ ಎಷ್ಟೋ ಮನೆಗಳಲ್ಲಿ ದೊಡ್ಡವರು ಅಡುಗೆಮನೆಯಲ್ಲಿ ದನಿ ತಗ್ಗಿಸಿ ಮಾತಾಡುತ್ತಿದ್ದದ್ದು ಇದನ್ನೇ.

ಶಾಲೆಯಲ್ಲಿ ಲೀನಾಳ ಮೊದಲ ದಿನವೇ ಮುಗ್ಗರಿಸುತ್ತದೆ. ಕೆಲವು ಇಂಗ್ಲಿಷ್ ಪದಗಳ ಉಚ್ಚಾರ ತಪ್ಪುತ್ತದೆ, ತರಗತಿ ನಗುತ್ತದೆ. ಇನ್ನು ಮಾತೇ ಆಡುವುದಿಲ್ಲ ಎಂದು ಅವಳು ನಿಶ್ಚಯಿಸುತ್ತಾಳೆ. ಹೀಗೆ ಬಾಯಿ ಮುಚ್ಚಿದ ಹುಡುಗಿಯಿಂದಲೇ ಲೇಖಕಿ ಕೊನೆಗೆ ಎಲ್ಲರ ಎದುರು ಅಭಿಪ್ರಾಯ ಹೇಳಿಸಬೇಕಾಗಿದೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಅವಳಿಗೆ ಒಂದು ಸಚಿತ್ರ ಕಾದಂಬರಿ ಸಿಗುತ್ತದೆ. ಶಿಕ್ಷಕಿ ತರಗತಿಗೆ ಆರಿಸಿದ ಆ ಪುಸ್ತಕದಲ್ಲಿ ಲೀನಾ ತನ್ನನ್ನೇ ಕಾಣುತ್ತಾಳೆ. ಅಷ್ಟರಲ್ಲಿ, ಇಂಥ ಪುಸ್ತಕವನ್ನು ಮಕ್ಕಳಿಗೆ ಓದಿಸಬಾರದು ಎಂಬ ಆಕ್ಷೇಪ ಏಳುತ್ತದೆ. ಆಗ ಮಾತಾಡಬೇಕಾದವರು ಯಾರು? ಆ ಪುಸ್ತಕದಿಂದ ಬದುಕು ಹಗುರಾದ ಮಗುವಲ್ಲದೆ ಇನ್ಯಾರು?

ಈ ಲೇಖಕಿಗೆ ಇಂಥ ಆಕ್ಷೇಪಗಳ ಬಿಸಿ ಮೊದಲೇ ತಟ್ಟಿತ್ತು. ಚೀನಾದಲ್ಲಿ ಹುಟ್ಟಿ, ಆರನೆಯ ವಯಸ್ಸಿನಲ್ಲಿ ಅಮೆರಿಕಕ್ಕೆ ಬಂದು, ಅಪ್ಪ ಅಮ್ಮ ನೋಡಿಕೊಳ್ಳುತ್ತಿದ್ದ ಮೋಟೆಲುಗಳಲ್ಲಿ ಬೆಳೆದವರು ಯಾಂಗ್. ಹದಿಮೂರನೆಯ ವಯಸ್ಸಿಗೆ ಬರ್ಕ್ಲಿ ವಿಶ್ವವಿದ್ಯಾಲಯ, ಹದಿನೇಳಕ್ಕೆ ಹಾರ್ವರ್ಡಿನ ಕಾನೂನು ಶಾಲೆ ಸೇರಿದರು. 2018ರ ಅವರ ‘ಫ್ರಂಟ್ ಡೆಸ್ಕ್’ ಕಾದಂಬರಿ ನಡೆಯುವುದು ಲಾಸ್ ಏಂಜಲೀಸ್–ಸ್ಯಾನ್ ಡಿಯಾಗೋ ಹೆದ್ದಾರಿಯ ಮೇಲಿನ ಅನಹೈಮ್‌ನಲ್ಲಿ. ಅಲ್ಲಿ ಹತ್ತು ವರ್ಷದ ಮಿಯಾ ತಾಂಗ್ ಮೋಟೆಲಿನ ಸ್ವಾಗತ ಮೇಜಿನ ಹಿಂದೆ ಕೂತು ಗಿರಾಕಿಗಳಿಗೆ ಕೀಲಿ ಕೊಡುತ್ತಾಳೆ, ಅನ್ಯಾಯ ಕಂಡಾಗ ಪತ್ರ ಬರೆಯುತ್ತಾಳೆ. ಅವಳ ಶಸ್ತ್ರವೆಂದರೆ ಪತ್ರವೇ. ವಲಸೆ, ಬಡತನ, ವರ್ಣಭೇದಗಳ ಬಗ್ಗೆ ನೇರವಾಗಿ ಮಾತಾಡುವ ಆ ಪುಸ್ತಕವನ್ನು ಕೂಡ ಶಾಲೆಯಲ್ಲಿ ಓದಿಸಬಾರದೆಂದು ಆಕ್ಷೇಪಿಸಿದವರಿದ್ದರು.

‘ಫೈನಲಿ ಸೀನ್’ ಬಂದ ವರ್ಷವೇ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಕಾದಂಬರಿಯ ಕಲ್ಪನೆಯನ್ನು ಹಿಂದಿಕ್ಕುವಂಥ ಘಟನೆಗಳು ನಡೆದವು. ಸ್ಯಾನ್ ಡಿಯಾಗೋದಿಂದ ಉತ್ತರಕ್ಕೆ, ರಿವರ್‌ಸೈಡ್ ಜಿಲ್ಲೆಯ ಟೆಮೆಕ್ಯುಲಾದಲ್ಲಿ ಶಾಲಾ ಮಂಡಳಿ 2023ರ ಮೇ ತಿಂಗಳಲ್ಲಿ ಪ್ರಾಥಮಿಕ ಶಾಲೆಗಳ ಸಮಾಜ ವಿಜ್ಞಾನದ ಪಠ್ಯವನ್ನು ತಿರಸ್ಕರಿಸಿತು. ಸ್ಯಾನ್ ಫ್ರಾನ್ಸಿಸ್ಕೋದ ಸಲಿಂಗಿ ಜನಪ್ರತಿನಿಧಿ ಹಾರ್ವಿ ಮಿಲ್ಕ್ ಅವರ ಉಲ್ಲೇಖ ಪಠ್ಯದ ಪೂರಕ ಸಾಮಗ್ರಿಯಲ್ಲಿ ಇತ್ತೆಂಬುದು ತಕರಾರು. ರಾಜ್ಯಪಾಲ ಗ್ಯಾವಿನ್ ನ್ಯೂಸಮ್ ತಾವೇ ಪುಸ್ತಕ ಕಳುಹಿಸಿ ಮಂಡಳಿಗೆ ದಂಡ ಹಾಕುವುದಾಗಿ ಎಚ್ಚರಿಸಿದರು. ಜುಲೈನಲ್ಲಿ ಮಂಡಳಿ ಮಣಿಯಿತು. ಸೆಪ್ಟೆಂಬರಿನಲ್ಲಿ, ಸಮಾಜದ ಯಾವುದೋ ಒಂದು ಗುಂಪಿನವರ ಬದುಕು ಚಿತ್ರಿತವಾಗಿದೆ ಎಂಬ ಕಾರಣಕ್ಕೆ ಪುಸ್ತಕ ನಿಷೇಧಿಸುವುದನ್ನು ತಡೆಯುವ ಕಾಯ್ದೆಗೆ ಸಹಿ ಬಿತ್ತು. ಅದೇ ವರ್ಷ ಜೂನ್‌ನಲ್ಲಿ ಸ್ಯಾನ್ ಡಿಯಾಗೋದ ರಾಂಚೊ ಪೆನ್ಯಾಸ್ಕಿಟೋಸ್ ಸಾರ್ವಜನಿಕ ಗ್ರಂಥಾಲಯದಲ್ಲಿ ಇಬ್ಬರು ಓದುಗರು ಲೈಂಗಿಕ ಅಲ್ಪಸಂಖ್ಯಾತರ ಕುರಿತ ಪ್ರೈಡ್ ಪ್ರದರ್ಶನದ ಹೆಚ್ಚುಕಡಿಮೆ ಎಲ್ಲ ಪುಸ್ತಕಗಳನ್ನೂ ಎರವಲು ಪಡೆದು, ಪ್ರದರ್ಶನ ತೆಗೆಯುವವರೆಗೆ ಹಿಂದಿರುಗಿಸುವುದಿಲ್ಲ ಎಂದು ತಿಳಿಸಿದರು. ಸುದ್ದಿ ಹರಡಿದ ಮೇಲೆ ಗ್ರಂಥಾಲಯಕ್ಕೆ ದೇಣಿಗೆ ಹರಿದುಬಂತು. ಮಕ್ಕಳ ಹೆಸರಿನಲ್ಲಿ ಇಷ್ಟೆಲ್ಲ ನಡೆಯುವಾಗ ಮಕ್ಕಳನ್ನು ಕೇಳಿದವರು ಕಡಿಮೆ. ಯಾಂಗ್ ಅವರ ಕಾದಂಬರಿ ಬೆಲೆಬಾಳುವುದು ಈ ಕಾರಣಕ್ಕೆ. ಅದು ಮೈಕನ್ನು ಲೀನಾಳ ಕೈಗೆ ಕೊಡುತ್ತದೆ.

ಅಭಿಪ್ರಾಯ ಹೇಳುವುದೆಂದರೆ ಬಾಯಿಗೆ ಬಂದದ್ದನ್ನು ಆಡುವುದಲ್ಲ ಎಂಬುದನ್ನು ಕಲಿಸಿದ ಪುಸ್ತಕಗಳ ಪರಂಪರೆ ಹಳೆಯದು. ಲೂಯಿಸ್ ಫಿಟ್ಜ್‌ಹ್ಯೂ ಅವರ ‘ಹ್ಯಾರಿಯೆಟ್ ದ ಸ್ಪೈ’ 1964ರಲ್ಲಿ ಬಂತು. ನ್ಯೂಯಾರ್ಕಿನ ಹನ್ನೊಂದು ವರ್ಷದ ಹುಡುಗಿ ಸಹಪಾಠಿಗಳ ಬಗ್ಗೆ ತನಗನ್ನಿಸಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ. ಬರೆದದ್ದರಲ್ಲಿ ಬಹುಪಾಲು ನಿಜವೇ. ನೋಟ್‌ಬುಕ್ ಅವರ ಕೈಗೇ ಸಿಕ್ಕು, ಗಟ್ಟಿಯಾಗಿ ಓದಿಯೂ ಬಿಡುತ್ತಾರೆ. ಮುಂದಿನ ಪುಟಗಳಲ್ಲಿ ಅವಳು ಒಂಟಿಯಾಗುವ ಬಗೆ ಓದುವವರ ಗಂಟಲು ಕಟ್ಟಿಸುತ್ತದೆ. ಅವಳನ್ನು ಸಾಕಿದ ದಾದಿ ಕೊನೆಗೆ ಬರೆಯುವ ಪತ್ರ ಮಕ್ಕಳ ಸಾಹಿತ್ಯದಲ್ಲೇ ಅಪರೂಪದ್ದು. ಕ್ಷಮೆ ಕೇಳು, ಬೇಕಾದರೆ ಸಣ್ಣ ಸುಳ್ಳನ್ನೂ ಹೇಳು, ಆದರೆ ನಿನಗೆ ನೀನು ಮಾತ್ರ ಸುಳ್ಳು ಹೇಳಿಕೊಳ್ಳಬೇಡ ಎಂಬರ್ಥದ ಮಾತು ಅದರಲ್ಲಿದೆ. 1983ರಲ್ಲಿ ಒಹಾಯೊದ ಜೀನಿಯಾ ಊರಿನ ಶಾಲಾ ಗ್ರಂಥಾಲಯಗಳಲ್ಲಿ ಈ ಪುಸ್ತಕಕ್ಕೆ ಆಕ್ಷೇಪ ಬಂದದ್ದು, ಇದು ಮಕ್ಕಳಿಗೆ ಸುಳ್ಳು ಹೇಳುವುದನ್ನೂ ಎದುರುತ್ತರ ಕೊಡುವುದನ್ನೂ ಕಲಿಸುತ್ತದೆ ಎಂದು.

ಎದುರುತ್ತರ ಎಂಬ ಆರೋಪ ನಮ್ಮ ಮನೆಗಳಲ್ಲೂ ಚಿರಪರಿಚಿತ. ಕನ್ನಡದ ಮಕ್ಕಳು ಸತ್ಯವನ್ನು ಮೊದಲು ಕಲಿಯುವುದು ಗೋವಿನ ಹಾಡಿನ ಪುಣ್ಯಕೋಟಿಯಿಂದ, ಆಮೇಲೆ ಹರಿಶ್ಚಂದ್ರನಿಂದ. ಅಲ್ಲಿ ಸತ್ಯವೆಂದರೆ ಆಡಿದ ಮಾತನ್ನು ಪ್ರಾಣ ಕೊಟ್ಟಾದರೂ ಉಳಿಸಿಕೊಳ್ಳುವುದು. ಅದು ದೊಡ್ಡದು, ಅದನ್ನು ಬಿಟ್ಟುಕೊಡಬೇಕಾಗಿಲ್ಲ. ಆದರೆ ಮೇಷ್ಟ್ರು ಪಾಠ ಮಾಡುತ್ತಿಲ್ಲ ಎಂದು ಮೇಷ್ಟ್ರಿಗೇ ಹೇಳುವ ಸತ್ಯಕ್ಕೆ ನಮ್ಮ ಪಠ್ಯದಲ್ಲಿ ಉದಾಹರಣೆ ಸಿಗುವುದು ಕಷ್ಟ.

ಆ್ಯಂಡ್ರೂ ಕ್ಲೆಮೆಂಟ್ಸ್ 1999ರಲ್ಲಿ ಬರೆದ ‘ದ ಲ್ಯಾಂಡ್ರಿ ನ್ಯೂಸ್’ ನೇರವಾಗಿ ಅಲ್ಲಿಗೇ ಕೈಹಾಕುತ್ತದೆ. ಐದನೆಯ ತರಗತಿಯ ಕ್ಯಾರಾ ಲ್ಯಾಂಡ್ರಿ ತಾನೇ ಕೂತು ಒಂದು ಪತ್ರಿಕೆ ಮಾಡುತ್ತಾಳೆ. ಈ ಕೋಣೆಯಲ್ಲಿ ಶಿಕ್ಷಕರಿದ್ದಾರೆ, ಆದರೆ ಕಲಿಸುವುದಿಲ್ಲ ಎಂದು ಅದರ ಸಂಪಾದಕೀಯ. ಎದುರಿಗೆ ಕಾಲು ಚಾಚಿ ದಿನಪತ್ರಿಕೆ ಓದುತ್ತ ಕೂತ ಲಾರ್ಸನ್ ಮೇಷ್ಟ್ರು ಅದನ್ನು ಓದಿ ಸಿಟ್ಟಿನಿಂದ ಹರಿದುಹಾಕುತ್ತಾರೆ. ಸಂಜೆಯ ಹೊತ್ತಿಗೆ ಅವರಿಗೆ ನಾಚಿಕೆಯಾಗುತ್ತದೆ. ಇತ್ತ ಮನೆಯಲ್ಲಿ ಅಮ್ಮ ಮಗಳಿಗೆ, ನೀನು ಬರೆದದ್ದು ನಿಜವಿರಬಹುದು, ಅದರಲ್ಲಿ ಕರುಣೆ ಎಲ್ಲಿದೆ ಎಂದು ಕೇಳುತ್ತಾಳೆ. ಮೇಷ್ಟ್ರು ಮತ್ತೆ ಮೇಷ್ಟ್ರಾಗುತ್ತಾರೆ, ಪತ್ರಿಕೆ ಇಡೀ ತರಗತಿಯದಾಗುತ್ತದೆ. ತನ್ನ ತಂದೆ ತಾಯಿಯ ವಿಚ್ಛೇದನದ ಬಗ್ಗೆ ಒಬ್ಬ ಹುಡುಗ ಬರೆದ ಲೇಖನವನ್ನು ನೆಪಮಾಡಿಕೊಂಡು ಮುಖ್ಯೋಪಾಧ್ಯಾಯರು ಲಾರ್ಸನ್ ಮೇಲೆ ಕ್ರಮಕ್ಕೆ ಹೊರಟಾಗ, ಕಥೆ ಪತ್ರಿಕಾ ಸ್ವಾತಂತ್ರ್ಯದ ಕಡೆಗೆ ಹೊರಳುತ್ತದೆ. ಮಗುವಿನ ಪ್ರಾಮಾಣಿಕತೆ ಬದುಕಬೇಕಾದರೆ ಅದರ ಬೆನ್ನಿಗೆ ಒಬ್ಬ ದೊಡ್ಡವರು ನಿಲ್ಲಬೇಕು, ಆ ನಿಲುವಿಗೆ ಅವರು ಬೆಲೆಯನ್ನೂ ತೆರಬೇಕಾಗಬಹುದು. ಈ ಸಾಲಿನ ಕಾದಂಬರಿಗಳಲ್ಲಿ ಇದನ್ನು ಇಷ್ಟು ಸ್ಪಷ್ಟವಾಗಿ ಕಂಡದ್ದು ಕ್ಲೆಮೆಂಟ್ಸ್.

ಇದು ಕಥೆಯಲ್ಲಷ್ಟೇ ನಡೆಯುವುದಲ್ಲ. ಲಾಸ್ ಏಂಜಲೀಸಿನ ಸ್ಯಾನ್ ಫರ್ನಾಂಡೊ ಕಣಿವೆಯಲ್ಲಿ ಒಂದು ಪ್ರೌಢಶಾಲೆಗೆ ಡೇನಿಯಲ್ ಪರ್ಲ್ ಅವರ ಹೆಸರಿದೆ. 2002ರಲ್ಲಿ ಪಾಕಿಸ್ತಾನದಲ್ಲಿ ಅಪಹರಣಕ್ಕೊಳಗಾಗಿ ಕೊಲೆಯಾದ, ವಾಲ್ ಸ್ಟ್ರೀಟ್ ಜರ್ನಲ್‌ನ ವರದಿಗಾರ ಅವರು. ಬೆಳೆದದ್ದು ಇದೇ ಕಣಿವೆಯಲ್ಲಿ. ಶಾಲೆಯ ವಿದ್ಯಾರ್ಥಿ ಪತ್ರಿಕೆ ‘ದ ಪರ್ಲ್ ಪೋಸ್ಟ್’. 2021ರ ಕೊನೆಯಲ್ಲಿ, ಕೋವಿಡ್ ಲಸಿಕೆಯ ಆದೇಶ ಜಾರಿಯಾದಾಗ ಶಾಲೆಯ ಗ್ರಂಥಾಲಯ ಏಕೆ ಮುಚ್ಚಿದೆ ಎಂದು ವಿದ್ಯಾರ್ಥಿಗಳು ವರದಿ ಮಾಡಿದರು. ಲಸಿಕೆ ಹಾಕಿಸಿಕೊಳ್ಳದ ಗ್ರಂಥಪಾಲಕರ ಹೆಸರೂ ಅದರಲ್ಲಿತ್ತು. ಹೆಸರು ತೆಗೆಯಿರಿ ಎಂಬ ಒತ್ತಾಯ ಬಂತು. ಸುದ್ದಿ ನಿಜ, ಓದುಗರಿಗೆ ಸಂಬಂಧಿಸಿದ್ದು, ತೆಗೆಯುವುದಿಲ್ಲ ಎಂದು ವಿದ್ಯಾರ್ಥಿ ಸಂಪಾದಕರು ನಿಂತರು. ಅವರ ಪರವಾಗಿ ತಾನು ತೆಗೆಸುವುದಿಲ್ಲ ಎಂದು ಮಾರ್ಗದರ್ಶಿ ಶಿಕ್ಷಕಿ ಅಡ್ರಿಯಾನಾ ಚವೀರಾ ನಿಂತರು. ಶಾಲಾ ಆಡಳಿತ ಅವರಿಗೆ ಮೂರು ದಿನದ ಸಂಬಳರಹಿತ ಅಮಾನತು ವಿಧಿಸಿತು. ದೇಶದ ಪತ್ರಿಕಾ ವಲಯದಿಂದ ಪ್ರತಿಭಟನೆ ಎದ್ದ ಮೇಲೆ, 2022ರ ಸೆಪ್ಟೆಂಬರಿನಲ್ಲಿ ಆದೇಶ ಹಿಂತೆಗೆದುಕೊಂಡಿತು.

ಒಬ್ಬ ವ್ಯಕ್ತಿಯ ಆರೋಗ್ಯದ ಆಯ್ಕೆ ಪತ್ರಿಕೆಯಲ್ಲಿ ಹೆಸರು ಸಮೇತ ಬರಬೇಕಿತ್ತೇ ಎಂಬ ಪ್ರಶ್ನೆ ಇಲ್ಲಿ ನ್ಯಾಯವಾದದ್ದೇ. ಕ್ಯಾರಾಳ ಅಮ್ಮ ಇದ್ದಿದ್ದರೆ ಖಂಡಿತ ಕೇಳುತ್ತಿದ್ದಳು. ಆದರೆ ಅದನ್ನು ಚರ್ಚಿಸಿ ತೀರ್ಮಾನಿಸಬೇಕಾದವರು ಬರೆದ ವಿದ್ಯಾರ್ಥಿಗಳು, ಮೇಲಿನವರಲ್ಲ ಎಂಬುದು ಕ್ಯಾಲಿಫೋರ್ನಿಯಾದ ಕಾನೂನಿನ ನಿಲುವು. ಅದರ ಹಿಂದೆ ಲಾಸ್ ಏಂಜಲೀಸಿನ ಮಕ್ಕಳದೇ ಒಂದು ಕಥೆಯಿದೆ. 1970ರ ದಶಕದಲ್ಲಿ ಯೂನಿವರ್ಸಿಟಿ ಹೈಸ್ಕೂಲಿನಲ್ಲಿ ‘ರೆಡ್ ಟೈಡ್’ ಎಂಬ ಖಾಸಗಿ ಪತ್ರಿಕೆಯನ್ನು ಹಂಚದಂತೆ ಆಡಳಿತ ತಡೆಯಿತು. ಬೇರೊಂದು ಶಾಲೆಯ ಪ್ರಾಂಶುಪಾಲರು ಸುಳ್ಳು ಹೇಳಿದ್ದಾರೆ ಎಂಬ ಬರಹ ಅದರಲ್ಲಿತ್ತು. ವಿದ್ಯಾರ್ಥಿಗಳು ನ್ಯಾಯಾಲಯಕ್ಕೆ ಹೋದರು. ಹಂಚುವ ಮೊದಲೇ ಪತ್ರಿಕೆಯನ್ನು ಪರಿಶೀಲಿಸಿ ತಡೆಯುವ ಅಧಿಕಾರ ಶಾಲೆಗಿಲ್ಲ ಎಂದು 1976ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಹೇಳಿತು. ಅಲ್ಲಿಂದ ರೂಪುಗೊಂಡ ಶಿಕ್ಷಣ ಸಂಹಿತೆಯ 48907ನೆಯ ವಿಧಿ ವಿದ್ಯಾರ್ಥಿ ಪತ್ರಿಕೆಗಳನ್ನು ಕಾಯುತ್ತದೆ: ಅಶ್ಲೀಲ, ಮಾನಹಾನಿಕರ, ಕಾನೂನುಭಂಗಕ್ಕೋ ಶಾಲೆಯ ಶಿಸ್ತು ಕದಡುವುದಕ್ಕೋ ಪ್ರಚೋದಿಸುವ ಬರಹಗಳನ್ನು ಬಿಟ್ಟರೆ ಮಿಕ್ಕಿದ್ದನ್ನು ಶಾಲೆ ತಡೆಯುವಂತಿಲ್ಲ. 1988ರ ಹೇಝಲ್‌ವುಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಶಾಲಾ ಆಡಳಿತಗಳ ಕೈ ಬಲಪಡಿಸಿದ ಮೇಲೂ ಈ ರಾಜ್ಯದ ಮಕ್ಕಳ ಹಕ್ಕು ಹಾಗೇ ಉಳಿದದ್ದು ಈ ವಿಧಿಯಿಂದ.

ಸ್ಯಾನ್ ಡಿಯಾಗೋ ಜಿಲ್ಲೆಯ ಫಾಲ್‌ಬ್ರುಕ್ ಹೈಸ್ಕೂಲಿನಲ್ಲಿ 2008ರಲ್ಲಿ ಇದೇ ವಿಧಿ ಪರೀಕ್ಷೆಗೆ ಬಿತ್ತು. ಸಂಯಮವೊಂದನ್ನೇ ಬೋಧಿಸುವ ಲೈಂಗಿಕ ಶಿಕ್ಷಣವನ್ನು ಟೀಕಿಸಿದ ಅಭಿಪ್ರಾಯ ಲೇಖನವನ್ನೂ ಆಡಳಿತದ ಬಗೆಗಿನ ಒಂದು ವರದಿಯನ್ನೂ ಶಾಲಾ ಪತ್ರಿಕೆ ‘ಟಾಮಹಾಕ್’ನಿಂದ ಕೈಬಿಡಿಸಲಾಯಿತು. ಪತ್ರಿಕೋದ್ಯಮ ತರಗತಿಯೂ ಹೋಯಿತು, ಮಾರ್ಗದರ್ಶಿ ಶಿಕ್ಷಕರ ಹೊಣೆಯೂ ಹೋಯಿತು. ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು ಮೊಕದ್ದಮೆ ಹೂಡಿತು. ಪ್ರಕರಣ ರಾಜಿಯಲ್ಲಿ ಮುಗಿಯಿತು. ವಿದ್ಯಾರ್ಥಿಗಳ ಮಾತನ್ನು ಕಾಯ್ದ ಶಿಕ್ಷಕರ ಮೇಲೆ ಸೇಡಿನ ಕ್ರಮ ಕೈಗೊಳ್ಳಬಾರದೆಂಬ ಕಾಯ್ದೆಯೂ ರಾಜ್ಯದಲ್ಲಿ 2008ರಲ್ಲೇ ಆಯಿತು. ಕ್ಲೆಮೆಂಟ್ಸರ ಲಾರ್ಸನ್ ಮೇಷ್ಟ್ರಿಗೆ ಬೇಕಿದ್ದದ್ದು ಇದೇ ಕಾಯ್ದೆ.

ಅದೇ ಜಿಲ್ಲೆಯ ಲೆಮನ್ ಗ್ರೋವ್‌ನಲ್ಲಿ ಮಕ್ಕಳು ಇನ್ನೂ ಹಿಂದೆ, ಪತ್ರಿಕೆಯಿಲ್ಲದೆಯೂ ಅಭಿಪ್ರಾಯ ಹೇಳಿದ್ದರು. 1931ರ ಜನವರಿ 5ರಂದು ಶಾಲೆಯ ಬಾಗಿಲಲ್ಲಿ ನಿಂತ ಪ್ರಾಂಶುಪಾಲರು ಮೆಕ್ಸಿಕನ್ ಮೂಲದ ಮಕ್ಕಳಿಗೆ, ಇಲ್ಲಿ ಬೇಡ, ನಿಮಗೆಂದೇ ಕಟ್ಟಿದ ಆ ಕಟ್ಟಡಕ್ಕೆ ಹೋಗಿ ಎಂದರು. ಇಂಗ್ಲಿಷ್ ಹಿಂದುಳಿದ ಮಕ್ಕಳ ಒಳ್ಳೆಯದಕ್ಕೇ ಇದು ಎಂಬುದು ಮಂಡಳಿಯ ವಾದ. ಊರಿನ ಮೆಕ್ಸಿಕನ್ನರು ಆ ಕಟ್ಟಡವನ್ನು ಕುದುರೆ ಲಾಯವೆಂದು ಕರೆದರು. ಮಕ್ಕಳು ಲಾಯಕ್ಕೆ ಹೋಗದೆ ಮನೆಗೆ ನಡೆದರು. ಸುಮಾರು 75 ಮಕ್ಕಳ ಪರವಾಗಿ ದಾವೆ ಹೂಡಿದ್ದು ಹನ್ನೆರಡರ ಹುಡುಗ ರೋಬರ್ಟೊ ಆಲ್ವರೆಜ್‌ನ ಹೆಸರಿನಲ್ಲಿ. ಅವನು ಚೆನ್ನಾಗಿ ಓದುವ, ಇಂಗ್ಲಿಷ್ ಸಲೀಸಾಗಿ ಆಡುವ ಹುಡುಗ. ಮಂಡಳಿಯ ವಾದಕ್ಕೆ ಅವನೇ ಉತ್ತರವಾಗಿದ್ದ. ಆ ವರ್ಷವೇ ನ್ಯಾಯಾಲಯ ಮಕ್ಕಳ ಪರ ತೀರ್ಪು ಕೊಟ್ಟಿತು. ಲ್ಯಾರಿ ಡೇನ್ ಬ್ರಿಮ್ನರ್ 2021ರಲ್ಲಿ ಇದನ್ನು ಮಕ್ಕಳಿಗಾಗಿ ಚಿತ್ರಪುಸ್ತಕ ಮಾಡಿದ್ದಾರೆ.

ಇಷ್ಟೂ ಹೊತ್ತು ಮಗು ದೊಡ್ಡವರ ಬಗ್ಗೆ ನಿಜ ಹೇಳುವ ಮಾತಾಯಿತು. ತನ್ನ ಬಗ್ಗೆಯೇ ನಿಜ ಹೇಳಿಕೊಳ್ಳುವುದು ಅದಕ್ಕಿಂತ ಕಷ್ಟ. ಅದನ್ನು ಬರೆದ ಪುಸ್ತಕದ ನಾಯಕ ಬೆಂಗಳೂರಿನವನು ಎಂಬುದು ಕನ್ನಡದ ಮನೆಗಳಿಗೆ ಗೊತ್ತಿರಬೇಕಾದ ಸಂಗತಿ. ಸಾರಾ ವೀಕ್ಸ್ ಮತ್ತು ಗೀತಾ ವರದರಾಜನ್ ಸೇರಿ ಬರೆದ ‘ಸೇವ್ ಮಿ ಎ ಸೀಟ್’ 2016ರದ್ದು. ಬೆಂಗಳೂರಿನ ಶಾಲೆಯಲ್ಲಿ ಓದಿನಲ್ಲೂ ಕ್ರಿಕೆಟ್ಟಿನಲ್ಲೂ ಮುಂದಿದ್ದ ರವಿ ನ್ಯೂಜೆರ್ಸಿಯ ಐದನೆಯ ತರಗತಿಗೆ ಬರುತ್ತಾನೆ. ಅವನ ಉಚ್ಚಾರ ಯಾರಿಗೂ ತಿಳಿಯುವುದಿಲ್ಲ, ಅವನ ಹೆಸರು ಶಿಕ್ಷಕಿಯ ಬಾಯಲ್ಲಿ ಹೊರಳುವುದಿಲ್ಲ. ತರಗತಿಯಲ್ಲಿರುವ ಇನ್ನೊಬ್ಬ ಭಾರತೀಯ ಮೂಲದ ಹುಡುಗ ಡಿಲನ್ ತನ್ನ ಗೆಳೆಯನಾಗುತ್ತಾನೆಂದು ರವಿ ನಂಬುತ್ತಾನೆ, ಕಾಡುವವನು ಅವನೇ. ಕಥೆ ನಡೆಯುವ ಒಂದೇ ವಾರದೊಳಗೆ ರವಿಗೆ ಬೆಂಗಳೂರಿನ ಹಳೆಯ ಸಹಪಾಠಿಯೊಬ್ಬ ನೆನಪಾಗುತ್ತಾನೆ. ತಾನೂ ಗೆಳೆಯರೂ ಸೇರಿ ಗೇಲಿ ಮಾಡುತ್ತಿದ್ದ ಹುಡುಗ. ಅಲ್ಲಿ ತಾನು ಮಾಡಿದ್ದನ್ನೇ ಇಲ್ಲಿ ಡಿಲನ್ ಮಾಡುತ್ತಿದ್ದಾನೆ ಎಂದು ರವಿ ಒಪ್ಪಿಕೊಳ್ಳುವ ಭಾಗ, ಈ ಲೇಖನದಲ್ಲಿ ಹೆಸರಿಸಿದ ಎಲ್ಲ ಕಾದಂಬರಿಗಳಲ್ಲೂ ಅತ್ಯಂತ ದಿಟ್ಟವಾದದ್ದು. ಮೊದಲ ಬೆಂಚಿನ ಮಕ್ಕಳ ಅಪ್ಪ ಅಮ್ಮಂದಿರು ಇದನ್ನು ಓದಬೇಕು.

ಕರ್ನಾಟಕದಲ್ಲೂ ಮಕ್ಕಳ ಮಾತಿಗೆ ವೇದಿಕೆ ಇಲ್ಲವೆಂದಲ್ಲ. ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಗಳಲ್ಲಿ ಶೌಚಾಲಯಕ್ಕೆ ನೀರಿಲ್ಲ, ಶಾಲೆಯ ಹೊತ್ತಿಗೆ ಬಸ್ಸಿಲ್ಲ, ದಾರಿಯಲ್ಲಿ ಕುಡಿದವರ ಕಾಟ ಎಂದು ಹುಡುಗಿಯರು ಎದ್ದು ನಿಂತು ಹೇಳುತ್ತಾರೆ. ಅಧ್ಯಕ್ಷರೂ ಪಿಡಿಒ ಅವರೂ ಎದುರಿಗೇ ಕೂತಿರುತ್ತಾರೆ. ಕನ್ನಡದ ಮಕ್ಕಳ ಕಾದಂಬರಿಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕಿಲ್ಲ. ಹಾಗೆ ಹೇಳಿದ ಹುಡುಗಿ ಮರುದಿನ ಶಾಲೆಗೆ ಹೋದಾಗ ಏನಾಯಿತು ಎಂಬುದನ್ನು ಯಾರಾದರೂ ಬರೆಯಬೇಕು.

ಲೀನಾಳ ಕಥೆ 2024ರ ‘ಫೈನಲಿ ಹರ್ಡ್’ನಲ್ಲಿ ಮುಂದುವರಿಯುತ್ತದೆ. ಈ ಸಲ ಅವಳ ಕಣ್ಣೆದುರು ಫೋನಿದೆ. ಅಮ್ಮನ ವಿಡಿಯೊ ಒಂದು ಎಲ್ಲೆಡೆ ಹರಡಿ, ಕಾರ್ಲಾ ಮತ್ತು ಫಿನ್ ಎಂಬ ಗೆಳೆಯರ ಜೊತೆ ಅವಳೂ ಆ ಲೋಕಕ್ಕೆ ಇಳಿಯುತ್ತಾಳೆ. ಅಲ್ಲಿ ಎಲ್ಲರಿಗೂ ಅಭಿಪ್ರಾಯವಿದೆ, ಎಲ್ಲರ ದನಿಯಲ್ಲೂ ನಿಶ್ಚಯವಿದೆ. ಪುಸ್ತಕ ಬಂದ ವರ್ಷವೇ ಲಾಸ್ ಏಂಜಲೀಸಿನ ಶಾಲಾ ಮಂಡಳಿ ಶಾಲೆಯ ಹೊತ್ತಿನಲ್ಲಿ ಫೋನ್ ಬಳಸಬಾರದೆಂದು ನಿರ್ಧರಿಸಿತು. ನಿಯಮ 2025ರ ಫೆಬ್ರುವರಿಯಲ್ಲಿ ಜಾರಿಗೆ ಬಂತು. ಅದಕ್ಕೂ ಮೊದಲು, 2023ರಲ್ಲಿ, ಮಾಧ್ಯಮಗಳಲ್ಲಿ ಬಂದದ್ದನ್ನು ಪ್ರಶ್ನಿಸಿ ಓದುವುದನ್ನು ಭಾಷೆ, ಗಣಿತ, ವಿಜ್ಞಾನ, ಇತಿಹಾಸದ ಪಾಠಗಳೊಳಗೇ ಸೇರಿಸಬೇಕೆಂದು ಕ್ಯಾಲಿಫೋರ್ನಿಯಾ ಕಾಯ್ದೆ ಮಾಡಿತ್ತು. ಹತ್ತು ವರ್ಷದ ಮಕ್ಕಳ ಎದುರು ಆ ಪಾಠ ಹಿಡಿದು ನಿಂತ ಶಿಕ್ಷಕರು ಲೀನಾಳ ಎರಡೂ ಪುಸ್ತಕಗಳನ್ನು ತರಗತಿಗೆ ಒಯ್ಯಬಹುದು. ಮೊದಲನೆಯದರಲ್ಲಿ ಅಮ್ಮನ ಪತ್ರವಿದೆ, ಎರಡನೆಯದರಲ್ಲಿ ಅಮ್ಮನ ವಿಡಿಯೊ.